ಕ್ಲಿನಿಕ್ ಮುಚ್ಚದೇ ಸಂಶೋಧನೆ ಮಾಡಬಹುದಾ? ಫ್ಯಾಮಿಲಿ ಡಾಕ್ಟರ್ ಒಬ್ಬಳ ಪ್ರಶ್ನೆ

ಸಾಗರದ ಡಾಕ್ಟರಮ್ಮ

ಎಲ್ಲರಿಗೂ ನಮಸ್ಕಾರ. ನಾನು ಎಂಬಿಬಿಎಸ್ ಆದ ಮೇಲೆ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಅನ್ನುವ ಸ್ನಾತಕೋತ್ತರ ಕೋರ್ಸ್ ಮಾಡಿದವಳು. ಮುಗಿಸಿ ನಾಲ್ಕು ವರ್ಷ ಆಯ್ತು. ಸಾಗರ ತಾಲೂಕಿನಲ್ಲಿ ಒಂದು ಸಣ್ಣ ಕ್ಲಿನಿಕ್ ಇದೆ. ನಾನು, ಒಬ್ಬರು ಸಿಸ್ಟರ್, ಮುಂದೆ ಚೀಟಿ ಬರೆಯುವ ಹುಡುಗ, ಇಷ್ಟೇ ಜನ. ದಿನಕ್ಕೆ ಐವತ್ತು ಅರವತ್ತು ಮಂದಿ ಬರುತ್ತಾರೆ.

ಡಿಎನ್‌ಬಿಯಲ್ಲಿ ಥೀಸಿಸ್ ಬರೆಯಬೇಕಿತ್ತಲ್ಲ, ಜೊತೆಯವರಿಗೆಲ್ಲ ಅದೊಂದು ತಲೆನೋವು. ನನಗೆ ಆ ಮೂರು ವರ್ಷದಲ್ಲಿ ಜಾಸ್ತಿ ಇಷ್ಟವಾದದ್ದೇ ಅದು. ಈಗ ಮತ್ತೆ ಆ ಆಸೆ ಹತ್ತಿದೆ. ಸುಮ್ನೆ ಒಂದು ಪೇಪರ್ ಹಾಕಿ ಹೆಸರು ನೋಡಿಕೊಳ್ಳುವ ಆಸೆ ಅಲ್ಲ. ಇನ್ನು ಮುಂದಿನ ವರ್ಷಗಳಲ್ಲಿ ಅರ್ಧ ಇದಕ್ಕೇ ಕೊಡಬೇಕು ಅನ್ನಿಸುತ್ತಿದೆ. ಕೇಳಿದವರೆಲ್ಲ ಹೇಳುವುದು ಒಂದೇ ಮಾತು: ಕ್ಲಿನಿಕ್ ಮುಚ್ಚು, ಮೆಡಿಕಲ್ ಕಾಲೇಜು ಸೇರು, ಇಲ್ಲ ಅಂದರೆ ಈ ಯೋಚನೆ ಬಿಡು.

ಒಂದು ಸಂಗತಿ ಹೇಳುತ್ತೇನೆ. ಕಳೆದ ಜನವರಿ, ಅಡಿಕೆ ಸುಲಿಯುವ ಕಾಲ. ರಾತ್ರಿ ಎಂಟು ಗಂಟೆಗೆ ಒಬ್ಬರು ಬಂದರು. ಮೆಟ್ಟುಕತ್ತಿ ತಾಗಿ ಎಡಗೈ ಹೆಬ್ಬೆರಳು ಕೊಯ್ದುಕೊಂಡಿತ್ತು. ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ ರಕ್ತ ಯಾವುದು, ಅಡಿಕೆ ಕರೆ ಯಾವುದು ಗೊತ್ತಾಗುತ್ತಿರಲಿಲ್ಲ. ಮೂರು ಹೊಲಿಗೆ ಹಾಕಿದೆ. ಬಿಪಿ ಇರುವವರು ಅಂತ ನೆನಪಾಗಿ ನೋಡಿದರೆ 190/110. ‘ಮಾತ್ರೆ ತಗೋತಿದೀರಾ?’ ಅಂದೆ. ‘ದೀಪಾವಳಿ ಆದ್ಮೇಲೆ ಇಲ್ಲ ಡಾಕ್ಟ್ರೇ. ಸುಲಿಯೋದು ಮುಗೀಲಿ, ಆಮೇಲೆ ಬರೋಣ ಅಂತಿದ್ದೆ’ ಅಂದರು.

ಆ ರಾತ್ರಿ ಕೂತು ಬಿಪಿ ಪೇಷಂಟ್‌ಗಳ ಹಳೇ ಕಾರ್ಡುಗಳನ್ನು ತೆಗೆದು ನೋಡಿದೆ. ನವೆಂಬರ್, ಡಿಸೆಂಬರ್, ಜನವರಿ, ಕಾರ್ಡಾದ ಮೇಲೆ ಕಾರ್ಡು ಖಾಲಿ. ಫೆಬ್ರವರಿ ಕೊನೆಗೆ ಮತ್ತೆ ಬರಹ ಶುರು. ನಾಲ್ಕು ವರ್ಷ ಇದು ನನ್ನ ಕಣ್ಣೆದುರೇ ಇತ್ತು, ನೋಡಿರಲಿಲ್ಲ.

ಇದು ಸಂಶೋಧನೆಯ ಪ್ರಶ್ನೆಯಾ? ನನ್ನಂಥವಳು ಇದನ್ನು ಹಿಡಿದು ಮುಂದೆ ಹೋಗಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾಸನದ ಹಳೇ ಡಾಕ್ಟರು

ಅಮ್ಮಾ, ಕ್ಲಿನಿಕ್ ಮುಚ್ಚಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ನಾನು ಪ್ರಾಕ್ಟೀಸ್ ಶುರು ಮಾಡಿ 34 ವರ್ಷ ಆಯ್ತು. ನಿಮ್ಮ ಆಸೆ ನನಗೂ ಒಮ್ಮೆ ಹತ್ತಿತ್ತು. ಎಲ್ಲಿ ಎಡವಿದೆ ಅಂತ ಹೇಳುತ್ತೇನೆ.

ಮಕ್ಕಳ ಜ್ವರದ ಬಗ್ಗೆ ನಾಲ್ಕು ವರ್ಷ ಬರೆದಿಟ್ಟೆ. ಎರಡು ದಪ್ಪ ಲೆಡ್ಜರ್ ತುಂಬಿತು. ಆದರೆ ಒಂದು ದಿನ ‘ಜ್ವರ’ ಅಂತ ಬರೆದಿದ್ದೇನೆ, ಇನ್ನೊಂದು ದಿನ ‘ವೈರಲ್’ ಅಂತ, ಮತ್ತೊಂದು ದಿನ ಬರೀ ಔಷಧಿ ಹೆಸರು. ಜ್ವರ ಬಂದು ಎಷ್ಟನೇ ದಿನ ಅನ್ನುವುದನ್ನು ಅರ್ಧಕ್ಕರ್ಧ ಮಕ್ಕಳಿಗೆ ಬರೆದೇ ಇಲ್ಲ. ಎಣಿಸಲು ಕೂತಾಗ ಏನನ್ನೂ ಎಣಿಸಲು ಆಗಲಿಲ್ಲ. ಆದರೂ ಬಿಡಲಿಲ್ಲ, ಹೇಗೋ ಒಂದು ಲೇಖನ ಮಾಡಿದೆ. ಒಂದು ಜರ್ನಲ್‌ನವರು ಇಮೇಲ್ ಕಳಿಸಿದರು, ದುಡ್ಡು ಕಟ್ಟಿದರೆ ಹತ್ತು ದಿನದಲ್ಲಿ ಹಾಕುತ್ತೇವೆ ಅಂತ. ಕಟ್ಟಿದೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ, ಒಂದು ತಪ್ಪು ತೋರಿಸಲಿಲ್ಲ. ಎರಡು ವರ್ಷದಲ್ಲಿ ಆ ವೆಬ್‌ಸೈಟೇ ಇಲ್ಲ. ನಾಲ್ಕು ವರ್ಷದ ಕೆಲಸ ಅದರ ಜೊತೆ ಹೋಯಿತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಪೆನ್ನು ಹಿಡಿಯುವ ಮೊದಲೇ ಏನು ಎಣಿಸುತ್ತೀರಿ ಅಂತ ಗಟ್ಟಿ ಮಾಡಿಕೊಳ್ಳಿ. ನಮ್ಮಲ್ಲಿಗೆ ಬರುವವರಿಗೆ ಕಾಯಿಲೆಯ ಹೆಸರು ಇರುವುದಿಲ್ಲ. ತಲೆಸುತ್ತು, ಸುಸ್ತು, ಹೊಟ್ಟೆಯಲ್ಲಿ ಏನೋ ಒಂಥರಾ, ಹೀಗೆ ಬರುತ್ತಾರೆ. ಇದನ್ನೂ ಒಂದೇ ರೀತಿ ಬರೆದಿಡಲು ಐಸಿಪಿಸಿ ಅಂತ ಒಂದು ಪಟ್ಟಿ ಇದೆ. ಜಗತ್ತಿನ ಫ್ಯಾಮಿಲಿ ಡಾಕ್ಟರ್‌ಗಳ ಸಂಘ ವೋಂಕಾ 1987ರಲ್ಲಿ ತಂದದ್ದು. ಅದು ನನಗೆ ಆಗ ಗೊತ್ತಿದ್ದಿದ್ದರೆ ಆ ಎರಡು ಲೆಡ್ಜರ್ ಉಳಿಯುತ್ತಿದ್ದವು.

ಶಿವಮೊಗ್ಗ ಫಿಸಿಷಿಯನ್

ಮೇಡಂ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಕ್ಲಿನಿಕ್‌ನ ಕಾರ್ಡುಗಳಿಂದ ಏನು ಸಾಬೀತಾಗುತ್ತದೆ? ನಿಮ್ಮಲ್ಲಿಗೆ ಬಾರದವರು ಬೇರೆ ಡಾಕ್ಟರ ಹತ್ತಿರ ಹೋಗಿರಬಹುದು. ಪಿಎಚ್‌ಸಿಯಲ್ಲಿ ಮಾತ್ರೆ ತೆಗೆದುಕೊಂಡಿರಬಹುದು. ಕಾರ್ಡು ಖಾಲಿ ಇದೆ ಅಂದ ಮಾತ್ರಕ್ಕೆ ಮಾತ್ರೆ ನಿಂತಿದೆ ಅಂತಲ್ಲ. ಇನ್ನೊಂದು, ಚಳಿಗಾಲದಲ್ಲಿ ಬಿಪಿ ಹೇಗಿದ್ದರೂ ಸ್ವಲ್ಪ ಏರುತ್ತದೆ. ಇದು ಹಲವು ದೇಶಗಳಲ್ಲಿ ಕಂಡದ್ದು. ಮಲೆನಾಡಿನ ಡಿಸೆಂಬರ್ ಚಳಿ ನಿಮಗೆ ಗೊತ್ತೇ ಇದೆ. ನೀವು ಅಡಿಕೆಯ ಮೇಲೆ ಹಾಕುವ ಅಪವಾದದಲ್ಲಿ ಅರ್ಧ ಚಳಿಯದ್ದಿರಬಹುದು.

ಅದಕ್ಕಿಂತ ದೊಡ್ಡದು ದುಡ್ಡಿನ ಪ್ರಶ್ನೆ. ಕ್ಲಿನಿಕ್‌ಗೆ ಸಾಲ ಮಾಡಿರುತ್ತೀರಿ. ಸಿಸ್ಟರ್‌ಗೆ ಸಂಬಳ ಕೊಡಬೇಕು. ವಾರಕ್ಕೆ ಎರಡು ದಿನ ಬಾಗಿಲು ಹಾಕಿದರೆ ಪೇಷಂಟ್‌ಗಳು ಎಲ್ಲಿಗೆ ಹೋಗಬೇಕು? ಹತ್ತಿರ ಒಬ್ಬ ಒಳ್ಳೆ ಫ್ಯಾಮಿಲಿ ಡಾಕ್ಟರ್ ಇರುವುದೇ ಆ ಊರಿಗೆ ದೊಡ್ಡ ಭಾಗ್ಯ. ನನ್ನ ಅಭಿಪ್ರಾಯ ಇಷ್ಟೇ: ಸಂಶೋಧನೆಗೆ ಸಂಸ್ಥೆಗಳಿವೆ, ಅವರು ಮಾಡಲಿ.

ಯಾರ್ಕ್‌ಷೈರ್ ಕನ್ನಡಿಗ

ನಮಸ್ಕಾರ. ದಾವಣಗೆರೆಯಲ್ಲಿ ಓದಿ, ಹದಿಮೂರು ವರ್ಷದಿಂದ ಇಲ್ಲಿ ಇಂಗ್ಲೆಂಡಿನಲ್ಲಿ ಜಿಪಿಯಾಗಿ, ಅಂದರೆ ಫ್ಯಾಮಿಲಿ ಡಾಕ್ಟರಾಗಿ, ಕೆಲಸ ಮಾಡುತ್ತಿದ್ದೇನೆ. ಶಿವಮೊಗ್ಗದ ಸರ್ ಚಳಿಯ ಬಗ್ಗೆ ಹೇಳಿದ್ದು ಸರಿಯಾಗಿದೆ, ಅದನ್ನು ಬಿಡುವಂತಿಲ್ಲ. ಆದರೆ ಸಂಸ್ಥೆಗಳು ಮಾಡಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ.

1961ರಲ್ಲಿ ಅಮೆರಿಕದ ಕೆರ್ ವೈಟ್ ಮತ್ತು ಜೊತೆಯವರು ಒಂದು ಲೆಕ್ಕ ಕೊಟ್ಟರು. ಒಂದು ತಿಂಗಳಲ್ಲಿ 1,000 ವಯಸ್ಕರಲ್ಲಿ 750 ಮಂದಿಗೆ ಏನಾದರೊಂದು ತೊಂದರೆ ಆಗುತ್ತದೆ. 250 ಮಂದಿ ಡಾಕ್ಟರ ಹತ್ತಿರ ಹೋಗುತ್ತಾರೆ. 9 ಮಂದಿ ಆಸ್ಪತ್ರೆ ಸೇರುತ್ತಾರೆ. ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಗೆ ಹೋಗುವವರು ಒಬ್ಬರೇ. ನಾವು ಓದಿದ ಪುಸ್ತಕಗಳೆಲ್ಲ ಹೆಚ್ಚಾಗಿ ಆ ಒಬ್ಬರನ್ನು ನೋಡಿ ಬರೆದವು. ಆ 250 ಮಂದಿ ಕೂತಿರುವುದು ಮೇಡಂ ಅವರ ಬೆಂಚಿನ ಮೇಲೆ. ಅವರ ಬಗ್ಗೆ ಕಾಲೇಜಿನಲ್ಲಿ ಕೂತು ತಿಳಿಯುವುದು ಹೇಗೆ?

ನಾನಿರುವ ಕಡೆಯಿಂದ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ವೆನ್ಸ್‌ಲಿಡೇಲ್ ಅನ್ನುವ ಕಣಿವೆ ಸಿಗುತ್ತದೆ. ಕುರಿ, ಕಲ್ಲಿನ ಗೋಡೆ, ಸಣ್ಣ ಸಣ್ಣ ಹಳ್ಳಿ. ಅಲ್ಲಿನ ಏಸ್‌ಗಾರ್ತ್ ಊರಿನಲ್ಲಿ ವಿಲಿಯಂ ಪಿಕಲ್ಸ್ ಅಂತ ಒಬ್ಬ ಜಿಪಿ ಇದ್ದರು. 1929ರಲ್ಲಿ ಕಣಿವೆಯಲ್ಲೆಲ್ಲ ಕಾಮಾಲೆ ಹರಡಿತು. ಒಬ್ಬ ಹುಡುಗಿಯನ್ನು ಬೆಳಿಗ್ಗೆ ಹಾಸಿಗೆಯಲ್ಲೇ ನೋಡಿ ಬಂದಿದ್ದರು. ಅವಳು ಮಧ್ಯಾಹ್ನ ಎದ್ದು ಊರ ಹಬ್ಬಕ್ಕೆ ಹೋಗಿದ್ದಳು. ಅಲ್ಲಿ ಅವಳ ಜೊತೆ ಯಾರ್ಯಾರು ಇದ್ದರು, ಎಷ್ಟು ದಿನದ ಮೇಲೆ ಅವರಿಗೆ ಕಾಮಾಲೆ ಬಂತು, ಎಲ್ಲ ಅವರಿಗೆ ಗೊತ್ತು. ಯಾಕಂದರೆ ಎಲ್ಲರೂ ಅವರದೇ ಪೇಷಂಟ್‌ಗಳು. ಆ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಬರಲು ಎಷ್ಟು ದಿನ ಬೇಕು ಅಂತ ಹೀಗೆ ಲೆಕ್ಕ ಹಾಕಿದರು. ಮನೆಯಲ್ಲಿ ಚಾರ್ಟ್ ತುಂಬುತ್ತಿದ್ದದ್ದು ಅವರ ಹೆಂಡತಿ. ದೊಡ್ಡ ಲ್ಯಾಬ್ ಇಲ್ಲ, ಗ್ರಾಂಟ್ ಇಲ್ಲ. 1953ರಲ್ಲಿ ಇಲ್ಲಿನ ಜಿಪಿಗಳ ಕಾಲೇಜಿಗೆ ಅವರೇ ಮೊದಲ ಅಧ್ಯಕ್ಷರಾದರು.

ನಿಮ್ಮ ಬಿಪಿ ಪ್ರಶ್ನೆಗೆ ಇನ್ನೂ ಹತ್ತಿರದವರು ಜೂಲಿಯನ್ ಟ್ಯೂಡರ್ ಹಾರ್ಟ್. ವೇಲ್ಸ್‌ನ ಗ್ಲಿನ್‌ಕೋರಗ್ ಅನ್ನುವ ಕಲ್ಲಿದ್ದಲು ಗಣಿಯ ಹಳ್ಳಿ. ಕಾಯಿಲೆ ಅಂತ ಬಂದವರದ್ದು ಮಾತ್ರ ಅಲ್ಲ, ಊರಿನ ವಯಸ್ಕರೆಲ್ಲರ ಬಿಪಿ ನೋಡಲು ಹೊರಟರು. ಬಾರದವರನ್ನು ಬಿಡಲಿಲ್ಲ, ಹುಡುಕಿಕೊಂಡು ಹೋದರು. ಇಪ್ಪತ್ತೈದು ವರ್ಷ ಅದೇ ಕೆಲಸ. ಪಕ್ಕದ ಅಂಥದ್ದೇ ಬಡ ಹಳ್ಳಿಗಿಂತ ಇವರ ಊರಿನಲ್ಲಿ ಅಕಾಲದ ಸಾವು ಕಡಿಮೆ ಆಗಿತ್ತು ಅಂತ 1991ರಲ್ಲಿ ಬರೆದರು. ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ ಅಂತ 1971ರಲ್ಲೇ ಹೇಳಿದವರೂ ಅವರೇ.

ಒಬ್ಬರ ಕ್ಲಿನಿಕ್ ಸಣ್ಣದು ಅನ್ನುವುದಕ್ಕೂ ಉತ್ತರ ಇದೆ. 1968ರಲ್ಲಿ ಗರ್ಭನಿರೋಧಕ ಮಾತ್ರೆಯಿಂದ ಅಪಾಯ ಇದೆಯಾ ಅಂತ ನೋಡಲು ಇಲ್ಲಿನ ಸುಮಾರು 1,400 ಜಿಪಿಗಳು ಒಟ್ಟಾದರು. ಒಬ್ಬೊಬ್ಬರೂ ತಮ್ಮ ಕೆಲವೇ ಪೇಷಂಟ್‌ಗಳನ್ನು ಸೇರಿಸಿದರು. ಹಾಗೆ ಸುಮಾರು 46,000 ಹೆಂಗಸರಾದರು. ದಶಕಗಳ ಕಾಲ ಜಗತ್ತು ಆ ಲೆಕ್ಕವನ್ನು ನಂಬಿಕೊಂಡಿತು.

ಈಗ ಇಲ್ಲಿ ದಾರಿ ಹಾಕಿಕೊಟ್ಟಿದ್ದಾರೆ. ಟ್ರೇನಿಂಗ್‌ನಲ್ಲೇ ಅಕಡೆಮಿಕ್ ಜಿಪಿ ಆಗಬಹುದು. ಮೂರು ವರ್ಷದ್ದು ನಾಲ್ಕಾಗುತ್ತದೆ, ವಾರದ ಕಾಲು ಭಾಗ ಸಂಶೋಧನೆಗೆ, ಅದಕ್ಕೆ ಸಂಬಳವೂ ಇದೆ. ಊರಲ್ಲಿ ಆ ದಾರಿಯನ್ನು ನೀವೇ ಕಡಿದುಕೊಳ್ಳಬೇಕು. ಅದು ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಕಮ್ಯುನಿಟಿ ಮೆಡಿಸಿನ್, ದಕ್ಷಿಣ ಕನ್ನಡ

ಡಾಕ್ಟ್ರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಮೊದಲು ಒಂದು ಎಚ್ಚರಿಕೆ: ಆ ಕಾರ್ಡುಗಳನ್ನು ಇನ್ನು ಮುಂದೆ ಸಂಶೋಧನೆ ಅಂತ ಎಣಿಸುವ ಮೊದಲು ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯಿಂದ ಪೇಷಂಟ್‌ಗಳಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿಯ, ಒಪ್ಪಿಗೆ ತಗೊಳ್ಳಿ. ನಿಮ್ಮ ಕ್ಲಿನಿಕ್ ಸುಧಾರಿಸಲು ನೀವೇ ನೋಡಿಕೊಂಡರೆ ಅದು ಬೇರೆ. ಪ್ರಕಟಿಸುವ ಯೋಚನೆ ಇದ್ದರೆ ಒಪ್ಪಿಗೆ ಮೊದಲು, ಎಣಿಕೆ ಆಮೇಲೆ. ಕೆಲಸ ಮುಗಿದ ಮೇಲೆ ಹಿಂದಿನ ತಾರೀಕಿಗೆ ಯಾರೂ ಒಪ್ಪಿಗೆ ಕೊಡುವುದಿಲ್ಲ. ನನ್ನ ಹತ್ತಿರ ಹೀಗೆ ಬಂದವರಿದ್ದಾರೆ. ಒಳ್ಳೆ ಕೆಲಸ, ಕಣ್ಣೀರು ಹಾಕಿಕೊಂಡು ವಾಪಸ್ ಹೋದರು.

ಸ್ವಂತ ಕ್ಲಿನಿಕ್‌ನವರಿಗೆ ಕಮಿಟಿ ಇರುವುದಿಲ್ಲ. ಆದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಬೇರೆ ಸಂಸ್ಥೆಯ ಕಮಿಟಿಯ ಹತ್ತಿರ ಒಪ್ಪಂದ ಮಾಡಿಕೊಂಡು ಹೋಗಬಹುದು. ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಕೇಳಿ. ಹಳೇ ಕಾರ್ಡುಗಳಿಂದ ಹೆಸರು ತೆಗೆದು ಎಣಿಸುವಂಥ ಕೆಲಸಕ್ಕೆ ಸಾಮಾನ್ಯವಾಗಿ ಪೂರ್ತಿ ಕಮಿಟಿ ಕೂರಬೇಕಾಗಿಲ್ಲ, ಬೇಗ ಆಗುತ್ತದೆ. ಪೇಷಂಟ್‌ಗಳನ್ನು ಮಾತಾಡಿಸಿ ಕೇಳುವುದಾದರೆ ಕನ್ನಡದಲ್ಲಿ ಒಪ್ಪಿಗೆ ಪತ್ರ ಬೇಕು. ‘ಬೇಡ ಅಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ’ ಅನ್ನುವ ಸಾಲು ಅದರಲ್ಲಿ ಇರಲೇಬೇಕು. ನಿಮ್ಮ ಪೇಷಂಟ್ ನಿಮಗೆ ಇಲ್ಲ ಅನ್ನಲು ಹಿಂಜರಿಯುತ್ತಾರೆ. ಅದಕ್ಕೇ ಆ ಪತ್ರ ನೀವು ಓದಿ ಹೇಳಬೇಡಿ, ಬೇರೆ ಯಾರಾದರೂ ಹೇಳಲಿ.

ಇನ್ನು ಸಣ್ಣ ಪ್ರಶ್ನೆ ಎಲ್ಲಿಗೆ ಹೋಗಬಹುದು ಅಂತ ನಮ್ಮ ಊರಿನದ್ದೇ ಒಂದು ಉದಾಹರಣೆ. ಡಾ. ಅನುರಾಗ್ ಭಾರ್ಗವ ಈಗ ಮಂಗಳೂರಿನ ಯೆನೆಪೋಯದಲ್ಲಿ ಇದ್ದಾರೆ. ಮೊದಲು ಛತ್ತೀಸ್‌ಗಢದ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗದ ಗ್ರಾಮೀಣ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಟಿಬಿ ಅಂತ ಬಂದ ಹೆಂಗಸರಲ್ಲಿ ಅರ್ಧದಷ್ಟು ಮಂದಿ 34 ಕೆಜಿ ಕೂಡ ಇರಲಿಲ್ಲ, ಗಂಡಸರಲ್ಲಿ ಅರ್ಧದಷ್ಟು 42 ಕೆಜಿ ದಾಟುತ್ತಿರಲಿಲ್ಲ. ತೂಕದ ಮೆಷಿನ್ ಮೇಲೆ ನಿಲ್ಲಿಸಿ ಬರೆದಿಟ್ಟ ಲೆಕ್ಕ ಅದು. ಅಲ್ಲಿಂದ ಹುಟ್ಟಿದ ಪ್ರಶ್ನೆ: ಮನೆಯವರಿಗೆ ಹೊಟ್ಟೆ ತುಂಬ ಊಟ ಸಿಕ್ಕರೆ ಟಿಬಿ ಬರುವುದು ಕಡಿಮೆ ಆಗುತ್ತದಾ? ಜಾರ್ಖಂಡ್‌ನಲ್ಲಿ 2,800 ಟಿಬಿ ರೋಗಿಗಳ ಮನೆಗಳಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಮನೆಮಂದಿಯನ್ನು ಸೇರಿಸಿ ನೋಡಿದರು. ಒಂದು ಗುಂಪಿನ ಮನೆಗಳಲ್ಲಿ ದೊಡ್ಡವರಿಗೆ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ರೇಷನ್ಸ್ ಅಂತ ಅದರ ಹೆಸರು. 2023ರಲ್ಲಿ ಫಲಿತಾಂಶ ಬಂತು: ಮನೆಮಂದಿಗೆ ಟಿಬಿ ಬರುವುದು 39% ಕಡಿಮೆ. ಅಕ್ಕಿ, ಬೇಳೆ! ನನಗೆ ಅದನ್ನು ಓದಿದ ದಿನ ಕ್ಲಾಸ್ ತೆಗೆದುಕೊಳ್ಳಲು ಆಗಲಿಲ್ಲ, ಹುಡುಗರಿಗೆ ಅದನ್ನೇ ಓದಿ ಹೇಳಿದೆ.

ಅಡಿಕೆ ತೋಟದವ, ಶಿರಸಿ

ನಾನು ಡಾಕ್ಟರ್ ಅಲ್ಲ. ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಅಮ್ಮನಿಗೂ ಬಿಪಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀವೆಲ್ಲ ಪೇಷಂಟ್ ಮಾತ್ರೆ ಬಿಟ್ಟರು ಅನ್ನುತ್ತಿದ್ದೀರಿ. ಸ್ವಲ್ಪ ನಮ್ಮ ಕಡೆಯಿಂದಲೂ ನೋಡಿ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಇವತ್ತು ಬರುತ್ತೇನೆ ಅಂದರೆ ಇವತ್ತೇ ಕೊಯ್ಯಿಸಬೇಕು, ನಾಳೆ ಅವನು ಇನ್ನೊಂದು ತೋಟಕ್ಕೆ ಹೋಗಿರುತ್ತಾನೆ. ಕೊಯ್ದದ್ದನ್ನು ಇಟ್ಟುಕೊಂಡು ಕೂರುವ ಹಾಗಿಲ್ಲ, ಸುಲಿದು ಬೇಯಿಸಬೇಕು. ರಾತ್ರಿ ಹನ್ನೊಂದು ಗಂಟೆ ತನಕ ಸುಲಿಯುತ್ತಾರೆ. ಸುಲಿಯಲು ಬರುವವರಿಗೆ ಸುಲಿದಷ್ಟಕ್ಕೆ ದುಡ್ಡು. ಅರ್ಧ ದಿನ ಪೇಟೆಗೆ ಹೋದರೆ ಅರ್ಧ ದಿನದ ದುಡ್ಡು ಹೋಯಿತು, ಬಸ್ ಚಾರ್ಜ್ ಬೇರೆ. ವರ್ಷದಲ್ಲಿ ಕೈಗೆ ನಾಲ್ಕು ಕಾಸು ಸಿಗುವ ಎರಡು ಮೂರು ತಿಂಗಳು ಅದು. ಅವರಿಗೆ ಮಾತ್ರೆ ಬೇಡ ಅಂತ ಅಲ್ಲ. ಡಾಕ್ಟರು ಬರೆದುಕೊಡುವುದು ಒಂದು ತಿಂಗಳಿಗೆ. ತಿಂಗಳಾದ ಮೇಲೆ ಮತ್ತೆ ಬನ್ನಿ ಅನ್ನುತ್ತಾರೆ. ಮತ್ತೆ ಬರಲು ಆಗುವುದಿಲ್ಲ.

ಇನ್ನೊಂದು ವಿಷಯ. ಅಮ್ಮ ರಾತ್ರಿ ಸುಲಿಯಲು ಕೂತಾಗ ನೀರೇ ಕುಡಿಯುವುದಿಲ್ಲ, ಎದ್ದು ಹೋಗಬೇಕಾಗುತ್ತದೆ ಅಂತ. ಬಿಪಿಗೆ ನೀರಿನ ಮಾತ್ರೆ ಅಂತ ಒಂದು ಕೊಟ್ಟಿದ್ದಾರೆ, ಮೂತ್ರ ಜಾಸ್ತಿ ಆಗುವಂಥದ್ದು, ಅದನ್ನು ಮೊದಲು ಬಿಡುವುದು. ಡಾಕ್ಟರಿಗೆ ಇದನ್ನು ಹೇಳಿದ್ದೀಯಾ ಅಂದರೆ, ಅದನ್ನೆಲ್ಲ ಹೇಗೆ ಹೇಳುವುದು ಅನ್ನುತ್ತಾಳೆ.

ಸಾಗರದ ಡಾಕ್ಟರಮ್ಮ

ಶಿರಸಿಯವರೇ, ಕ್ಷಮೆ ಯಾಕೆ ಕೇಳುತ್ತೀರಿ! ನಿಮ್ಮ ಪೋಸ್ಟ್ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಒಂದು ತಿಂಗಳ ಚೀಟಿ ಬರೆಯುವವಳು ನಾನೇ. ನೀರಿನ ಮಾತ್ರೆ ಬರೆಯುವವಳೂ ನಾನೇ. ನನ್ನ ಪ್ರಶ್ನೆ ‘ಪೇಷಂಟ್‌ಗಳು ಯಾಕೆ ಮಾತ್ರೆ ಬಿಡುತ್ತಾರೆ’ ಅಂತ ಇತ್ತು. ಈಗ ಅದು ‘ನಾನು ಚೀಟಿ ಬರೆಯುವ ರೀತಿ ಅವರ ವರ್ಷಕ್ಕೆ ಹೊಂದುತ್ತದಾ’ ಅಂತ ಆಗಿದೆ. ಇದು ಬೇರೆಯದೇ ಪ್ರಶ್ನೆ.

ದೀಪಾವಳಿಗೆ ಮೊದಲೇ ಮೂರು ತಿಂಗಳ ಮಾತ್ರೆ ಕೊಟ್ಟರೆ ಹೇಗೆ? ಬಿಪಿ ಹಿಡಿತದಲ್ಲಿರುವವರಿಗೆ ಮಾತ್ರ. ನೀರಿನ ಮಾತ್ರೆ ಬದಲು ಬೇರೆಯದು ಕೊಡಬಹುದಾದವರಿಗೆ ಬೇರೆಯದು. ಕೊಟ್ಟ ಮೇಲೆ ವ್ಯತ್ಯಾಸ ಆಯ್ತಾ ಅಂತ ಹೇಗೆ ನೋಡುವುದು?

ಅಂಕಿಸಂಖ್ಯೆ ಮೇಷ್ಟ್ರು, ಮೈಸೂರು

ಮೇಡಂ, ಇಲ್ಲಿ ನಿಲ್ಲಿ. ಇಲ್ಲಿಯೇ ಎಲ್ಲರೂ ಅವಸರ ಮಾಡಿಬಿಡುತ್ತಾರೆ.

ಮೊದಲನೇ ವರ್ಷ ಏನನ್ನೂ ಬದಲಿಸಬೇಡಿ, ಬರೀ ಎಣಿಸಿ. ಎಷ್ಟು ಮಂದಿ ನಿಮ್ಮ ಬಿಪಿ ಪೇಷಂಟ್‌ಗಳು, ಮೂರು ತಿಂಗಳಿಗೊಮ್ಮೆ ಎಷ್ಟು ಮಂದಿ ಬಂದರು, ಬಂದವರಲ್ಲಿ ಎಷ್ಟು ಮಂದಿಗೆ 140/90ಕ್ಕಿಂತ ಕೆಳಗಿದೆ. ನಮ್ಮ ದೇಶದ ಬಿಪಿ ನಿಯಂತ್ರಣ ಕಾರ್ಯಕ್ರಮ 2017ರಿಂದ ಹೀಗೇ ಎಣಿಸುತ್ತದೆ. ಹಿಡಿತದಲ್ಲಿರುವವರು, ಇಲ್ಲದವರು, ಬಾರದೇ ಇದ್ದವರು, ಮೂರೂ ಬೇರೆ ಬೇರೆ ಸಾಲು. ಬಾರದೇ ಇದ್ದವರನ್ನು ಲೆಕ್ಕದಿಂದ ಬಿಟ್ಟರೆ ನಿಮ್ಮ ಕ್ಲಿನಿಕ್ ಚೆನ್ನಾಗಿ ಕಾಣುತ್ತದೆ, ಸತ್ಯ ಕಾಣುವುದಿಲ್ಲ.

ಚಳಿಯ ಪ್ರಶ್ನೆಗೆ ಹೀಗೆ ಮಾಡಿ. ಪ್ರತಿಯೊಬ್ಬರಿಗೂ ಒಂದು ಕಾಲಂ: ಮನೆಯಲ್ಲಿ ಅಡಿಕೆ ಕೆಲಸ ಇದೆಯಾ ಇಲ್ಲವಾ. ಟೀಚರ್‌ಗಳು, ಅಂಗಡಿಯವರು, ಡ್ರೈವರ್‌ಗಳು ಇವರಿಗೂ ಅದೇ ಚಳಿ. ಅವರ ಬಿಪಿಯೂ ಅಷ್ಟೇ ಏರಿದ್ದರೆ ಅದು ಚಳಿ. ಅಡಿಕೆಯವರದ್ದು ಇನ್ನೂ ಜಾಸ್ತಿ ಏರಿದ್ದರೆ, ಬಾರದವರೂ ಅವರಲ್ಲೇ ಜಾಸ್ತಿ ಇದ್ದರೆ, ಆಗ ನಿಮ್ಮ ಮಾತಿಗೆ ಬಲ. ಬೇರೆ ಕಡೆ ಮಾತ್ರೆ ತಗೊಂಡರಾ ಅನ್ನುವುದಕ್ಕೆ ಕಾರ್ಡು ಸಾಲದು, ಕೇಳಲೇಬೇಕು. ‘ಕಳೆದ ಏಳು ದಿನದಲ್ಲಿ ಎಷ್ಟು ದಿನ ಮಾತ್ರೆ ತಗೊಂಡ್ರಿ’ ಅಂತ ಒಂದೇ ಪ್ರಶ್ನೆ, ಎಲ್ಲರಿಗೂ ಒಂದೇ ರೀತಿ.

ಎಷ್ಟು ಮಂದಿ ಬೇಕು ಅಂತ ಮುಂದೆ ಕೇಳಿಯೇ ಕೇಳುತ್ತೀರಿ. ಅರ್ಧದಷ್ಟು ಮಂದಿ ಬಿಡುತ್ತಾರೆ ಅಂತ ಇಟ್ಟುಕೊಂಡರೆ, 5% ಆಚೀಚೆ ಹೇಳಲು 384 ಮಂದಿ ಬೇಕು. 10% ಆಚೀಚೆ ಸಾಕು ಅಂದರೆ 96. ಎರಡು ಗುಂಪು ಹೋಲಿಸಲು ಬೇರೆ ಲೆಕ್ಕ, ಅದನ್ನು ಕೂತು ಮಾಡೋಣ. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ‘ಆರ್’ ಅನ್ನುವುದು ಉಚಿತ.

ಎರಡನೇ ವರ್ಷ ಮೂರು ತಿಂಗಳ ಮಾತ್ರೆ ಕೊಟ್ಟು ನೋಡಬಹುದು. ಆದರೆ ಬಿಪಿ ತುಂಬ ಏರಿದ್ದವರನ್ನೇ ಆರಿಸಿಕೊಂಡು ಕೊಟ್ಟರೆ, ಏನೂ ಮಾಡದಿದ್ದರೂ ಮುಂದಿನ ಸಲ ಅದು ಸ್ವಲ್ಪ ಇಳಿದೇ ಇರುತ್ತದೆ. ಅದನ್ನು ನಿಮ್ಮ ಗೆಲುವು ಅಂದುಕೊಳ್ಳುವ ಅಪಾಯ ಇದೆ.

ಕಮ್ಯುನಿಟಿ ಮೆಡಿಸಿನ್, ದಕ್ಷಿಣ ಕನ್ನಡ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಯಾರಿಗೆ ಮೂರು ತಿಂಗಳದ್ದು, ಯಾರಿಗೆ ಒಂದು ತಿಂಗಳದ್ದು ಅಂತ ನೀವೇ ಹಂಚಿ ಹೋಲಿಸಿದರೆ ಅದು ಟ್ರಯಲ್ ಆಗುತ್ತದೆ. ಮೊದಲನೇ ಪೇಷಂಟ್ ಸೇರುವ ಮೊದಲೇ ಸಿಟಿಆರ್‌ಐನಲ್ಲಿ, ಅಂದರೆ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿಯಲ್ಲಿ, ನೋಂದಾಯಿಸಬೇಕು. ಅದಕ್ಕೆ ಶುಲ್ಕ ಇಲ್ಲ.

ಡಿಎನ್‌ಬಿ ಎರಡನೇ ವರ್ಷ

ಮೇಡಂ, ಸರ್, ನಾನು ಫ್ಯಾಮಿಲಿ ಮೆಡಿಸಿನ್ ಓದುತ್ತಿದ್ದೇನೆ. ಇದೆಲ್ಲ ಓದಲು ತುಂಬ ಖುಷಿ ಆಗುತ್ತದೆ. ಆದರೆ ನಮ್ಮಂಥವರಿಗೆ ಇದು ವೃತ್ತಿ ಆಗುತ್ತದಾ? ಮನೆಯಲ್ಲಿ ಅಪ್ಪ ಕೇಳುತ್ತಾರೆ, ಅದರಿಂದ ಸಂಬಳ ಎಲ್ಲಿಂದ ಬರುತ್ತದೆ ಅಂತ. ನನ್ನ ಹತ್ತಿರ ಉತ್ತರ ಇಲ್ಲ. ಥೀಸಿಸ್ ಕೂಡ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರ ಮೇಲೆ ಮಾಡು ಅನ್ನುತ್ತಿದ್ದಾರೆ, ಅದು ಸುಲಭ ಅಂತ.

ಕಮ್ಯುನಿಟಿ ಮೆಡಿಸಿನ್, ದಕ್ಷಿಣ ಕನ್ನಡ

ತಂಗಿ, ಅಪ್ಪನ ಪ್ರಶ್ನೆ ಸರಿಯಾಗಿದೆ. ನಮ್ಮಲ್ಲಿ ಫ್ಯಾಮಿಲಿ ಮೆಡಿಸಿನ್ ವಿಭಾಗ ಇರುವ ಮೆಡಿಕಲ್ ಕಾಲೇಜುಗಳೇ ಕಡಿಮೆ. ವೆಲ್ಲೂರಿನ ಸಿಎಂಸಿಯಲ್ಲಿ ಇದೆ, ಇನ್ನು ಕೆಲವು ಕಡೆ ಇವೆ. ಹುದ್ದೆ ಕಡಿಮೆ ಇದ್ದಾಗ ಸಂಬಳದ ದಾರಿಯೂ ಕಿರಿದು. ಸುಳ್ಳು ಆಸೆ ಹುಟ್ಟಿಸುವುದಿಲ್ಲ.

ಆದರೆ ದಾರಿಯೇ ಇಲ್ಲ ಅಂತಲ್ಲ. ಚೆನ್ನೈನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯ ಸಂಶೋಧನಾ ಕೋರ್ಸ್ ಆನ್‌ಲೈನ್‌ನಲ್ಲಿದೆ. ಬರೀ ಸರ್ಟಿಫಿಕೇಟ್‌ಗಾಗಿ ಪಾಠ ಓಡಿಸಬೇಡ, ಕೂತು ಕೇಳು. ಆಮೇಲೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡುವುದಾದರೆ ಅದೇ ಸಂಸ್ಥೆ ಇದೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ ಇದೆ. ಐಸಿಎಂಆರ್ ಗ್ರಾಂಟ್ ಆಗಲಿ, ಸಂಶೋಧಕರಿಗೆ ದುಡ್ಡು ಕೊಡುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್ ಆಗಲಿ, ಅರ್ಜಿ ಹಾಕಲು ಒಂದು ಸಂಸ್ಥೆ ಬೆನ್ನಿಗೆ ಇರಬೇಕು. ಒಬ್ಬ ಡಾಕ್ಟರ್ ತನ್ನ ಕ್ಲಿನಿಕ್ ವಿಳಾಸದಿಂದ ಹಾಕಲು ಆಗುವುದಿಲ್ಲ. ಅದಕ್ಕೇ ಪಾರ್ಟ್ ಟೈಂ ಆಗಿಯಾದರೂ ಒಂದು ಕಡೆ ಸೇರಿಕೊಂಡಿರುವುದು ಒಳ್ಳೆಯದು. ಮೂರು ಅಥವಾ ನಾಲ್ಕು ದಿನ ಕ್ಲಿನಿಕ್, ಉಳಿದ ದಿನ ಸಂಶೋಧನೆ, ಹೀಗೆ ಹಂಚಿಕೊಂಡವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಮೊದಲ ಕೆಲವು ವರ್ಷ ಆದಾಯ ಕಡಿಮೆಯೇ.

ಜೊತೆ ಸೇರುವಾಗ ಲೇಖನದಲ್ಲಿ ಯಾರ ಹೆಸರು ಎಲ್ಲಿ ಅಂತ ಮೊದಲ ದಿನವೇ ಬರೆದಿಟ್ಟುಕೊಳ್ಳಿ. ನನ್ನ ಮೊದಲ ಕೆಲಸದಲ್ಲಿ ಊರೂರು ಸುತ್ತಿ ಮಾಹಿತಿ ತಂದವಳು ನಾನು. ಅಚ್ಚಾದಾಗ ನನ್ನ ಹೆಸರು ಆರನೆಯದು. ಬಾಯಿಮಾತಿನಲ್ಲಿ ‘ನೋಡೋಣ’ ಅಂದದ್ದನ್ನು ನಂಬಿದ್ದೆ.

ಥೀಸಿಸ್ ಬಗ್ಗೆ ಮಾತ್ರ ಬಿಡಬೇಡ. ಅಡ್ಮಿಟ್ ಆದವರ ಮೇಲೆ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಒಪಿಡಿಯ ಬೆಂಚಿನ ಮೇಲೆ ಕೂತವರ ಬಗ್ಗೆ ಮಾಡು.

ಹಾಸನದ ಹಳೇ ಡಾಕ್ಟರು

ಮಗೂ, ಒಬ್ಬಳೇ ಅನ್ನಿಸಿದರೆ ಇದನ್ನು ನೆನಪಿಟ್ಟುಕೋ. 2011ರ ಫೆಬ್ರವರಿ 1. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಷನ್‌ನವರು ದೇಶದ ಡಾಕ್ಟರ್‌ಗಳನ್ನು ಒಂದೇ ಒಂದು ದಿನ ಬರೆಯಿರಿ ಅಂದರು. ಅವತ್ತು ಬಂದ ಪೇಷಂಟ್‌ಗಳು ಏನು ತೊಂದರೆ ಹೇಳಿದರು, ಅಷ್ಟೇ. 880 ಊರುಗಳ 7,400 ಡಾಕ್ಟರ್‌ಗಳು ಬರೆದರು. ಎರಡು ಲಕ್ಷಕ್ಕೂ ಹೆಚ್ಚು ಪೇಷಂಟ್‌ಗಳಾದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಉಸಿರಾಟದ ತೊಂದರೆ ಅಂತ ಗೊತ್ತಾದದ್ದು ಹಾಗೆ. 2015ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನುವ ಜರ್ನಲ್‌ನಲ್ಲಿ ಬಂತು. ನಮ್ಮಂಥ ಕ್ಲಿನಿಕ್‌ಗಳ ಒಂದು ದಿನದ ಕೆಲಸ!

ನಾವು ಹತ್ತು ಕ್ಲಿನಿಕ್‌ನವರು ಸೇರಿದರೂ ಸಾಕು. ಹಾಸನದಲ್ಲಿ ಅಡಿಕೆ ಇಲ್ಲದ ಕಡೆ ಕಾಫಿ ಇದೆ. ಕಾಫಿ ಕೊಯ್ಲೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ನನ್ನ ಬಿಪಿ ಪೇಷಂಟ್‌ಗಳಲ್ಲಿ ತೋಟದ ಕೆಲಸದವರು ತುಂಬ ಇದ್ದಾರೆ. ಮೇಷ್ಟ್ರು ಹೇಳಿದ ಕಾಲಂಗಳನ್ನೇ ನಾನೂ ಹಾಕುತ್ತೇನೆ. ಈ ಸಲ ಒಂದೇ ರೀತಿ ಬರೆಯುತ್ತೇನೆ.

ಶಿವಮೊಗ್ಗ ಫಿಸಿಷಿಯನ್

ಎಲ್ಲ ಓದಿದೆ. ದುಡ್ಡಿನ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಮೇಡಂ, ಎರಡು ದಿನ ಬಾಗಿಲು ಹಾಕಬೇಡಿ, ವಾರಕ್ಕೆ ಒಂದು ಮಧ್ಯಾಹ್ನದಿಂದ ಶುರು ಮಾಡಿ.

ಆದರೆ ಒಂದು ನೆನಪಾಯಿತು. ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾದದ್ದು ನಮ್ಮ ಜಿಲ್ಲೆಯಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಕಾಡಿಗೆ ಹೋದವರಿಗೆ ಜ್ವರ ಬರುತ್ತಿದೆ ಅಂತ ಗಮನಕ್ಕೆ ಬಂದ ಮೇಲೆಯೇ ಪುಣೆಯಿಂದ ವಿಜ್ಞಾನಿಗಳು ಬಂದು ವೈರಸ್ ಹುಡುಕಿದ್ದು. 1970ರ ದಶಕದಲ್ಲಿ ನಿಮ್ಮ ಸಾಗರದ ಪಕ್ಕದ ಹಂದಿಗೋಡಿನಲ್ಲಿ ಕೀಲು ಹಿಡಿದುಕೊಂಡು ನಡೆಯಲಾರದ ಜನ ಕಂಡರು. ಆ ಕಾಯಿಲೆಗೆ ಊರಿನದೇ ಹೆಸರು ಬಂತು. ಎರಡೂ ಕಡೆ ಮೊದಲು ಯಾರೋ ಹತ್ತಿರದಿಂದ ನೋಡಿದ್ದರು. ಇದನ್ನು ಇಷ್ಟು ವರ್ಷ ಪಾಠ ಮಾಡಿದ ನಾನು, ಮೊದಲ ಪೋಸ್ಟ್‌ನಲ್ಲಿ ಸಂಸ್ಥೆಗಳು ಮಾಡಲಿ ಅಂದೆ. ಆ ಮಾತು ವಾಪಸ್ ತಗೊಳ್ಳುತ್ತೇನೆ.

ಎಥಿಕ್ಸ್ ಕಮಿಟಿಗೆ ಕೇಳಲು ಶಿವಮೊಗ್ಗಕ್ಕೆ ಬರುವಾಗ ತಿಳಿಸಿ. ಪ್ರೋಟೋಕಾಲ್, ಅಂದರೆ ಸಂಶೋಧನೆ ಹೇಗೆ ಮಾಡುತ್ತೀರಿ ಅಂತ ಬರೆದ ಯೋಜನೆ, ಓದಿ ಎಲ್ಲಿ ಸಡಿಲ ಇದೆ ಅಂತ ಹೇಳುತ್ತೇನೆ. ಚಳಿಯ ಕಾಲಂ ಇಲ್ಲದಿದ್ದರೆ ಅಲ್ಲೇ ನಿಲ್ಲಿಸುತ್ತೇನೆ.

ಸಾಗರದ ಡಾಕ್ಟರಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಈ ವಾರ ಆದದ್ದು ಹೇಳುತ್ತೇನೆ. ಬುಧವಾರ ಮಧ್ಯಾಹ್ನ ಕ್ಲಿನಿಕ್ ಇಲ್ಲ ಅಂತ ಬೋರ್ಡ್ ಹಾಕಿದೆ. ಚೆನ್ನೈ ಕೋರ್ಸ್‌ಗೆ ಹೆಸರು ಕೊಟ್ಟೆ. ಶಿವಮೊಗ್ಗ ಸರ್, ಮುಂದಿನ ಬುಧವಾರ ಬರುತ್ತೇನೆ, ಎರಡು ಪುಟದ ಪ್ರೋಟೋಕಾಲ್ ತರುತ್ತೇನೆ. ಒಪ್ಪಿಗೆ ಸಿಗುವ ತನಕ ಕಾರ್ಡು ಮುಟ್ಟುವುದಿಲ್ಲ.

ಕಾಲಂಗಳನ್ನು ಸಿಸ್ಟರ್‌ಗೆ ತೋರಿಸಿದೆ. ಅವರು ನೋಡಿ, ‘ಮೇಡಂ, ಅಡಿಕೆ ಕೆಲಸ ಇದೆಯಾ ಅಂತ ಕೇಳಿದ್ರೆ ಎಲ್ಲರೂ ಹೌದು ಅಂತಾರೆ. ತೋಟ ಇರೋರು ಬೇರೆ, ಸುಲಿಯೋಕೆ ಹೋಗೋರು ಬೇರೆ ಅಲ್ವಾ?’ ಅಂದರು. ಒಂದು ಕಾಲಂ ಎರಡಾಯಿತು. ಲೇಖನದಲ್ಲಿ ಅವರ ಹೆಸರೂ ಇರಬೇಕು ಅಂತ ಪ್ರೋಟೋಕಾಲ್‌ನಲ್ಲೇ ಬರೆದಿದ್ದೇನೆ.

ಹೊಲಿಗೆ ಹಾಕಿಸಿಕೊಂಡವರು ಮೊನ್ನೆ ಬಂದಿದ್ದರು. ಬೆರಳು ಮಡಚಲು ಬರುತ್ತದೆ. ಬಿಪಿ 146/92. ಇನ್ನೂ ಇಳಿಯಬೇಕು.

ಶಿರಸಿಯವರೇ, ನಿಮ್ಮಿಂದ ಒಂದು ಸಹಾಯ ಬೇಕು. ಕೊಯ್ಲಿಗೆ ಎಷ್ಟು ದಿನ ಮೊದಲು ಮಾತ್ರೆ ಕೊಡಬೇಕು ಅಂತ ಗೊತ್ತಾಗಬೇಕಾದರೆ ಕೊಯ್ಲು ಯಾವಾಗ ಶುರು ಅಂತ ಗೊತ್ತಿರಬೇಕು. ಈ ವರ್ಷ ನಿಮ್ಮ ಕಡೆ ಯಾವಾಗ, ಅಮ್ಮನ್ನ ಕೇಳಿ ಹೇಳುತ್ತೀರಾ?

ಅಡಿಕೆ ತೋಟದವ, ಶಿರಸಿ

ಕೇಳಿದೆ ಡಾಕ್ಟ್ರೇ. ಮಳೆ ಬೇಗ ಬಿಟ್ಟರೆ ದೀಪಾವಳಿ ಆಗಿ ಹದಿನೈದು ದಿನಕ್ಕೆ, ಬಿಡದಿದ್ದರೆ ಇನ್ನೂ ಮುಂದಕ್ಕೆ ಅನ್ನುತ್ತಾಳೆ. ನೀರಿನ ಮಾತ್ರೆಯ ವಿಷಯ ನಿಮಗೆ ಬರೆದಿದ್ದೇನೆ ಅಂತ ಹೇಳಿದೆ. ಮೊದಲು ಬೈದಳು. ಆಮೇಲೆ, ಅದರ ಬದಲು ಬೇರೆ ಇದೆಯಾ ಅಂತ ಕೇಳು ಅಂದಳು.

ಸಾಗರದ ಡಾಕ್ಟರಮ್ಮ

ಇದೆ. ಆದರೆ ಕಾಲು ಊತ ಇದೆಯಾ, ಸಕ್ಕರೆ ಇದೆಯಾ, ಬೇರೆ ಏನು ಮಾತ್ರೆ ತಗೋತಾರೆ ಅಂತ ನೋಡಿಯೇ ಹೇಳಬೇಕು. ಅವರಾಗೇ ಬದಲಿಸುವುದು ಬೇಡ. ನೀರಿನ ಮಾತ್ರೆ ಬಿಡುತ್ತಿರುವುದನ್ನು ಅವರ ಡಾಕ್ಟರಿಗೆ ನೀವೇ ಜೊತೆಗೆ ಹೋಗಿ ಹೇಳಿ. ಕೊಯ್ಲಿಗೆ ಮೊದಲೇ ಹೋಗಿ.